ಕುಕ್ಕರಿನಲ್ಲಿ ಬಂದ ಹರಳು

ಭೂಮಿಯ ಹೊಟ್ಟೆಯಿಂದ ಹೊರಬಂದ ವಸ್ತುಗಳಲ್ಲಿ ಚಿನ್ನಕ್ಕೂ ವಜ್ರಕ್ಕೂ ಸಿಕ್ಕ ಮರ್ಯಾದೆ ಜಿಯೋಲೈಟಿಗೆ ಎಂದೂ ಸಿಕ್ಕಿದ್ದಿಲ್ಲ. ಲಾವಾರಸ ಆರಿ ಕರಿಬಂಡೆಯಾಗುವಾಗ ಅದರೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳಲ್ಲಿ, ಅಲ್ಲಿಗೆ ಇಳಿದುಬಂದ ನೀರು ಅವಸರವಿಲ್ಲದೆ ಕಟ್ಟಿದ ಈ ಹರಳುಗಳಲ್ಲಿ ಕೆಲವು ಗರಿಯಂತಿರುತ್ತವೆ, ಕೆಲವು ಸೂಜಿಯಂತೆ, ಇನ್ನು ಕೆಲವು ಅರೆಬಿರಿದ ಹೂವಿನಂತೆ. ತಮ್ಮನ್ನು ಕಟ್ಟಿದ ನೀರಿನಲ್ಲಿ ಒಂದಿಷ್ಟನ್ನು ಅವು ಮೈಯೊಳಗೇ ಉಳಿಸಿಕೊಂಡಿರುತ್ತವೆ. ಕಾಯಿಸಿದರೆ ಅದು ಉಕ್ಕಿ ಬರುವುದರಿಂದಲೇ ಇವಕ್ಕೆ ‘ಕುದಿಯುವ ಕಲ್ಲು’ ಎಂಬ ಅರ್ಥದ ಹೆಸರು ಬಂತು. ಜಲ್ಲಿಯಂತ್ರದ ಬಾಯಿಗೆ ಬಿದ್ದು ರಸ್ತೆಯ ಪಾಲಾಗುತ್ತಿದ್ದ ಇಂಥ ಹರಳುಗಳನ್ನು ಕಲ್ಲುಗಣಿಗಳಿಂದ, ಬಾವಿ ತೋಡಿದ ಗುಡ್ಡೆಗಳಿಂದ, ಅಗೆದ ದಾರಿಯ ಅಂಚುಗಳಿಂದ ಹೆಕ್ಕಿ ತಂದು, ಹೆಸರು ಹಿಡಿದು, ಗಾಜಿನ ಕಪಾಟಿನಲ್ಲಿ ಕೂರಿಸಿದವರು ನಮ್ಮ ಸಂಗ್ರಹಾಲಯದ ಖನಿಜ ವಿಭಾಗದ ಮುಖ್ಯಸ್ಥೆಯಾಗಿದ್ದು ಈಚೆಗೆ ನಿವೃತ್ತರಾದ, ನಾವೆಲ್ಲ ಪ್ರೀತಿಯಿಂದ ‘ಹರಳಮ್ಮ’ ಎಂದೇ ಕರೆಯುವ ಹಿರಿಯರು.

ಅವರ ಪಾಂಡಿತ್ಯದ ಬಗ್ಗೆ ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ಒಂದೇ ಒಂದು ಹರಳಿನ ಮಾತು. ಆ ಒಂದರಲ್ಲೇ ಅವರು ಪೂರ್ತಿಯಾಗಿ ಕಾಣುತ್ತಾರೆಂಬ ನಂಬಿಕೆ ಇಲ್ಲದಿದ್ದರೆ ಈ ಧೈರ್ಯವೂ ಬರುತ್ತಿರಲಿಲ್ಲ.

ಹರಳಮ್ಮನವರು ಕೆಲಸಕ್ಕೆ ಸೇರಿದಾಗ ಖನಿಜ ವಿಭಾಗವೆಂದರೆ ನೆಲಮಾಳಿಗೆಯ ಒಂದು ಕೋಣೆ. ಅದರ ಕಿಟಕಿ ಬೀದಿಯ ಮಟ್ಟಕ್ಕಿದ್ದುದರಿಂದ ಒಳಗೆ ಕೂತವರಿಗೆ ಹೊರಗಿನವರ ಪಾದಗಳು ಮಾತ್ರ ಕಾಣುತ್ತಿದ್ದವು. ಹೊಸತರಲ್ಲೇ ದೂರದ ಕಲ್ಲುಗಣಿಯೊಂದರಲ್ಲಿ ಅವರಿಗೆ ಲೋಮಾಂಟೈಟ್ ಎಂಬ ಜಿಯೋಲೈಟ್ ಸಿಕ್ಕಿತು. ಆ ಖನಿಜವೇನೂ ಅಪರೂಪದ್ದಲ್ಲ. ಅದರ ತಿಳಿಯಾದ, ಇಡಿಯಾದ ಹರಳು ಅಪರೂಪ. ಬಂಡೆಯ ಒಳಗಿರುವವರೆಗೆ ಗಾಜಿನಂತೆ ಬೆಳಕನ್ನು ದಾಟಿಸುವ ಅದು ಹೊರಗಿನ ಒಣಗಾಳಿಗೆ ತನ್ನ ನೀರನ್ನು ಬಿಟ್ಟುಕೊಡುತ್ತದೆ. ಮೊದಲು ಹಾಲಿನಂತೆ ಬೆಳ್ಳಗಾಗಿ, ಬಿರಿದು, ಕೊನೆಗೆ ಹಿಟ್ಟಾಗುತ್ತದೆ. ಪುಸ್ತಕದಲ್ಲಿ ಇದನ್ನು ಓದಿದ್ದರೂ, ಸೂಕ್ಷ್ಮವಾದುದನ್ನು ಹತ್ತಿಯಲ್ಲಿ ಸುತ್ತಬೇಕೆಂಬ ಅಭ್ಯಾಸವೇ ಗೆದ್ದು, ಅವರು ಆ ಹರಳನ್ನು ಹತ್ತಿಯ ಮೇಲೆ ಹತ್ತಿ ಹೊದಿಸಿ ಮಗುವನ್ನು ತರುವಂತೆ ತಂದರು. ಇದ್ದ ತೇವವನ್ನೆಲ್ಲ ಹತ್ತಿ ಹೀರಿತು. ಅಂದಿನ ನಿರ್ದೇಶಕರ ಎದುರು ಡಬ್ಬಿ ತೆರೆದಾಗ ಒಳಗಿದ್ದುದು ಬಿಳಿಯ ಪುಡಿ.

“ಏನಮ್ಮಾ, ಅಷ್ಟು ದೂರ ಹೋಗಿ ಸೀಮೆಸುಣ್ಣ ತಂದ್ಯಾ?” ಎಂದರಂತೆ ಅವರು.

ಬೇರೆಯವರ ಮೇಜಿನ ಮೇಲೆ ಮಕ್ಕಳ ಫೋಟೊ ಇರುವ ಜಾಗದಲ್ಲಿ ಹರಳಮ್ಮನವರ ಮೇಜಿನ ಮೇಲೆ ಆ ಪುಡಿ ತುಂಬಿದ ಪುಟ್ಟ ಸೀಸೆ ಬಂದು ಕೂತಿತು. ಒಂದಾದರೂ ಲೋಮಾಂಟೈಟ್ ಹರಳನ್ನು, ಬಂಡೆಯೊಳಗೆ ಹೇಗಿತ್ತೋ ಹಾಗೆಯೇ, ದಾರಿಹೋಕರು ನಿಂತು ನೋಡುವಂತೆ ಉಳಿಸಬೇಕು ಎನ್ನುವ ಹಟ ಅಂದಿನದು. ಅದನ್ನು ಅವರು ಯಾವ ಭಾಷಣದಲ್ಲೂ ಹೇಳಿದವರಲ್ಲ. ಹೊಸ ಗಣಿಯ ಸುದ್ದಿ ಬಂದಾಗಲೆಲ್ಲ ಆ ಸೀಸೆಯನ್ನು ಒಮ್ಮೆ ಅಲುಗಿಸಿ ಹೊರಡುತ್ತಿದ್ದರು, ಅಷ್ಟೇ.

ಹಟದವರು ಸಾಮಾನ್ಯವಾಗಿ ಸಿಡುಕರಾಗಿರುತ್ತಾರೆ, ಇವರು ಹಾಗಿರಲಿಲ್ಲ. ಶಾಲೆಯ ಹುಡುಗಿಯೊಬ್ಬಳು ಒಡೆದ ಬಾಟಲಿಯ ಹಸಿರು ಚೂರನ್ನು ರತ್ನವೆಂದು ತಂದಾಗ, ಅವರು ಅದನ್ನು ಭೂತಗಾಜಿನಡಿ ತಿರುಗಿಸಿ ತಿರುಗಿಸಿ ನೋಡಿ, “ಇದು ಮರಳು ಕಣಮ್ಮ, ಬೆಂಕಿಯಲ್ಲಿ ಈಜಿ ಬಂದಿದೆ” ಎಂದು ಗಾಜಿನ ಚರಿತ್ರೆಯನ್ನೇ ಹೇಳಿದರು. ಸಂಗ್ರಹಾಲಯಕ್ಕೆ ಹೊಸದಾಗಿ ಬಂದ ಸಹಾಯಕಿ, ಬಾಗಿಲು ಜೋರಾಗಿ ಮುಚ್ಚಿದರೂ ಬೆಚ್ಚಿಬೀಳುವವಳು, ಮೊದಲ ವಾರದಲ್ಲೇ ಸೂಜಿಹರಳಿನ ಒಂದು ಗೊಂಚಲನ್ನು ಮುರಿದು, ಕೆಲಸ ಹೋಯಿತೆಂದೇ ನಿಶ್ಚಯಿಸಿ ಗೋಡೆಗೆ ಒರಗಿ ನಿಂತಿದ್ದಳು. ಹರಳಮ್ಮನವರು ಮುರಿದ ಜಾಗವನ್ನು ಬೆಳಕಿಗೆ ಹಿಡಿದರು.

“ಇಲ್ಲಿ ನೋಡು, ಒಳಗಡೆ ಹೇಗೆ ಹೊಳೀತಿದೆ! ಮುರೀದೆ ಇದನ್ನ ನೋಡೋಕೆ ಆಗ್ತಿರಲಿಲ್ಲ.” ಗೊಂಚಲನ್ನು ಅವಳ ಕೈಗೇ ಕೊಟ್ಟು ಸೇರಿಸಿದರು: “ಆದ್ರೆ ಒಂದು ಸಲ ನೋಡಿದ್ವಲ್ಲ, ಸಾಕು.”

ಸುರಂಗವೊಂದರಿಂದ ಫೋನು ಬಂದದ್ದು ಇದಾದ ಮೇಲೆ, ಬಿಸಿಲುಗಾಲದ ಒಂದು ಬೆಳಿಗ್ಗೆ. ರೈಲುಹಾದಿಗಾಗಿ ಗುಡ್ಡ ಕೊರೆಸುತ್ತಿದ್ದ ಎಂಜಿನಿಯರರು ಹಿಂದೊಮ್ಮೆ ಮಕ್ಕಳೊಂದಿಗೆ ಬಂದು ಆ ಸೀಸೆಯ ಕತೆಯನ್ನು ಕೇಳಿ ಹೋಗಿದ್ದವರು.

“ಮೇಡಂ, ಗೋಡೆಯಲ್ಲಿ ಒಂದು ಗೂಡು ತೆರ್ಕೊಂಡಿದೆ. ಒಳಗೆ ಗಾಜಿನ ಕಡ್ಡಿ ನೆಟ್ಟ ಹಾಗಿದೆ. ಮೇಲಿಂದ ನೀರು ಜಿನುಗ್ತಾನೇ ಇದೆ. ಸಂಜೆಗೆ ಕಾಂಕ್ರೀಟ್ ಹಾಕ್ತೀವಿ.”

“ಮುಟ್ಟಬೇಡಿ. ಒರೆಸಬೇಡಿ. ದೊಡ್ಡ ಲೈಟ್ ಹಿಡೀಬೇಡಿ. ಬಂದೆ!”

ಸಂಗ್ರಹಾಲಯದ ವ್ಯಾನು ಮೊದಲು ಅವರ ಮನೆಯ ಮುಂದೆ ನಿಂತಿತು. ಹರಳನ್ನು ಈ ಸಲ ನೀರಿನಲ್ಲೇ ಮುಳುಗಿಸಿ ತರಬೇಕು, ಬಕೆಟ್ಟಿನ ನೀರಾದರೆ ದಾರಿಯಲ್ಲಿ ತುಳುಕುತ್ತದೆ. ರಬ್ಬರಿನ ಉಂಗುರವಿರುವ ಮುಚ್ಚಳ ಬೇಕು. ಅಡುಗೆಮನೆಗೆ ನುಗ್ಗಿ ಪ್ರೆಷರ್ ಕುಕ್ಕರನ್ನು ಎತ್ತಿಕೊಂಡು ಬರುತ್ತಿದ್ದ ಹರಳಮ್ಮನವರನ್ನು ಅವರ ಅತ್ತೆ ಬಾಗಿಲಲ್ಲೇ ತಡೆದರು.

“ಎಲ್ಲಿಗೇ ಅದು?”

“ಸುರಂಗಕ್ಕೆ, ಅತ್ತೆ.”

“ಇಷ್ಟು ದಿನ ಕಲ್ಲು ಹೊತ್ಕೊಂಡು ಬರ್ತಿದ್ದೆ. ಇವತ್ತು ಬೇಯಿಸಿಕೊಂಡೇ ಬರ್ತೀಯಾ?”

ಸುರಂಗದ ಗೋಡೆಯ ಗೂಡಿನೊಳಗೆ ಹರಳಮ್ಮನವರು ಪುಟ್ಟ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದರು. ಒದ್ದೆ ಕರಿಬಂಡೆಯ ಮೇಲೆ ಬೆರಳುದ್ದದ ಹರಳುಗಳು ಎದ್ದು ನಿಂತಿದ್ದವು. ಓರೆಯಾಗಿ ಕೊಯ್ದಂಥ ತುದಿ, ಒಳಗೆ ಇದ್ದೂ ಇಲ್ಲದಂಥ ಗುಲಾಬಿ ಬಣ್ಣ. ಬೆಳಕು ಒಂದನ್ನು ದಾಟಿ ಇನ್ನೊಂದಕ್ಕೆ ಹೋಗಿ ಅಲ್ಲಿಂದ ಮೂರನೆಯದಕ್ಕೆ ಹಾರುತ್ತಿತ್ತು. ಅವರು ಏನೋ ಹೇಳಲು ಬಾಯಿ ತೆರೆದು, ತಮ್ಮ ಉಸಿರು ತಾಗೀತೆಂದು ಮುಖ ಹಿಂದಕ್ಕೆಳೆದುಕೊಂಡರು. ಹಿಂದೆ ನಿಂತಿದ್ದವರಿಗೆ ಅವರ ಹೆಗಲು ಕುಣಿಯುವುದಷ್ಟೇ ಕಾಣುತ್ತಿತ್ತು. ಅಳುತ್ತಿದ್ದಾರೆಂದು ಹೆದರಿದ ಸಹಾಯಕಿ ಹತ್ತಿರ ಹೋದರೆ, ಅವರು ಸದ್ದಿಲ್ಲದೆ ನಗುತ್ತಿದ್ದರು.

ಬಂಡೆಯ ಬಿರುಕಿಗೆ ಬೆಣೆ ಕೊಟ್ಟು, ಹರಳು ನಿಂತಿದ್ದ ತುಂಡನ್ನು ಅಲುಗದಂತೆ ಬಿಡಿಸಲು ಮಧ್ಯಾಹ್ನವಾಯಿತು. ಕುಕ್ಕರಿಗೆ ಇಳಿಸಿದಾಗ ತೊಡಕು ಗೊತ್ತಾಯಿತು: ಹರಳುಗಳ ತುದಿ ಅಂಚಿಗಿಂತ ಮೇಲೆ ಉಳಿಯಿತು. ನೀರು ಅಷ್ಟು ಎತ್ತರಕ್ಕೆ ಏರದು, ಮುಚ್ಚಳವೂ ಕೂರದು.

“ಬುಡಕ್ಕೆ ಎರಡು ಏಟು ಹಾಕಿಸ್ಲಾ ಮೇಡಂ? ಸರಿಯಾಗಿ ಕೂರುತ್ತೆ” ಎಂದರು ಎಂಜಿನಿಯರರು.

“ಮೊದಲನೇ ಏಟಿಗೆ ಅದು ಹೋಗುತ್ತೆ. ಎರಡನೇದಕ್ಕೆ ನಾನು.”

ಹಾಗಾಗಿ ತೆರೆದ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡೇ ಅವರು ವ್ಯಾನು ಹತ್ತಿದರು. ಕಿಟಕಿಗಳನ್ನು ಏರಿಸಿಯಾಯಿತು. ಒದ್ದೆ ಬಟ್ಟೆ ಹೊದಿಸಿದರೆ ಹರಳು ಮುರಿಯುತ್ತದೆ. ಆದ್ದರಿಂದ ಸಹಾಯಕಿ ಬೆರಳಿನಿಂದ ನೀರು ಚಿಮುಕಿಸಬೇಕೆಂದಾಯಿತು. ಮೊದಲ ದಪ್ಪ ಹನಿಗೇ ಅಂಚಿನ ತೆಳು ಹರಳೊಂದು ಟಿಕ್ಕೆಂದು ಕಳಚಿ ನೀರಿಗೆ ಬಿತ್ತು. ಆಮೇಲೆ ಅವಳ ಕೈ ಏಳಲಿಲ್ಲ. ಊರ ಅಂಚಿಗೆ ಬರುವಷ್ಟರಲ್ಲಿ ಅಡ್ಡ ನಿಂತ ಲಾರಿಯೊಂದು ದಾರಿಯನ್ನೇ ಕಟ್ಟಿಹಾಕಿತ್ತು. ವ್ಯಾನು ಒಲೆಯಂತೆ ಕಾಯತೊಡಗಿತು. ಹರಳಮ್ಮನವರ ಮೂಗಿನ ನೇರಕ್ಕಿದ್ದ ಒಂದು ತುದಿಯ ಮೇಲೆ ತೆಳ್ಳಗೆ ಹಾಲಿನ ಬಣ್ಣ ಇಳಿಯಿತು.

“ಶುರುವಾಯ್ತು” ಎಂದರು. ಸೀಸೆಯ ಪುಡಿಯನ್ನು ಅಷ್ಟು ವರ್ಷ ನೋಡುತ್ತ ಬಂದವರಿಗೆ ಆ ಬಣ್ಣವನ್ನು ಯಾರೂ ಪರಿಚಯಿಸಬೇಕಿರಲಿಲ್ಲ. ಅತ್ತಿತ್ತ ಹುಡುಕಿದ ಅವರ ಕಣ್ಣು ರಸ್ತೆಬದಿಯ ಕ್ಷೌರದಂಗಡಿಯ ಕನ್ನಡಿಯ ಮೇಲೆ ನಿಂತಿತು.

“ಓಡೇ! ಸ್ಪ್ರೇ ಬಾಟ್ಲು! ಕೂದಲಿಗೆ ಹೊಡೀತಾರಲ್ಲ, ಅದು!”

ಅಪರಿಚಿತರ ಹತ್ತಿರ ದಾರಿ ಕೇಳಲೂ ಅಂಜುವ ಸಹಾಯಕಿ ಗಂಡಸರೇ ತುಂಬಿದ್ದ ಅಂಗಡಿಗೆ ಓಡಿದಳು.

“ಸ್ಪ್ರೇ ಬೇಕಿತ್ತು, ಬೇಗ!”

“ಯಾರಿಗಮ್ಮಾ?” ಎಂದ ಕ್ಷೌರಿಕ, ಕತ್ತಿ ಎತ್ತಿದಂತೆಯೇ.

“ಕಲ್ಲಿಗೆ.”

ಅವನು ಕಿಟಕಿಯಿಂದ ಹೊರಗೆ ನೋಡಿದ. ವ್ಯಾನಿನಲ್ಲಿ ಕುಕ್ಕರನ್ನು ಅಪ್ಪಿಕೊಂಡು ಕೂತ ಹೆಂಗಸು ಎರಡೂ ಕೈ ಬಿಡಲಾಗದೆ ಗಲ್ಲದಿಂದಲೇ ಅವನನ್ನು ಕರೆಯುತ್ತಿದ್ದರು.

“ಇವರದು ಅರ್ಧ ಗಡ್ಡ ಆಗಿದೆ, ತಡೀರಿ...”

“ನನ್ನ ಗಡ್ಡ ಎಲ್ಲೂ ಓಡಿಹೋಗಲ್ಲ ಕಣಯ್ಯಾ, ಹೋಗು ಮೊದಲು!” ಎಂದರು ಮುಖದ ತುಂಬ ಸೋಪಿದ್ದವರು.

ಕ್ಷೌರಿಕ ತಾನೇ ಬಂದ. ಬಾಟಲಿಯನ್ನು ತೊಳೆದು, ಹೊಸ ನೀರು ತುಂಬಿ, ಮೂತಿಯನ್ನು ಸಣ್ಣಗೆ ತಿರುಗಿಸಿ, ಗಿರಾಕಿಯ ತಲೆಗೆ ಹೊಡೆಯುವಷ್ಟೇ ದೂರದಿಂದ ಒತ್ತಿದ. ಹನಿಯೆಂದು ಹೇಳಲಾಗದಷ್ಟು ನವಿರಾದ ಮಂಜು ಹರಳುಗಳ ಮೇಲೆ ಇಳಿಯಿತು. ಯಾವುದೂ ಮುರಿಯಲಿಲ್ಲ. ಹಾಲಿನ ಬಣ್ಣ ಅಲ್ಲೇ ನಿಂತಿತು, ಮುಂದಕ್ಕೆ ಇಳಿಯಲಿಲ್ಲ.

“ನಿಂತಿತು! ನಿಂತಿತು!” ಎಂದು ಹರಳಮ್ಮನವರು ಕೂಗಿದ್ದು ಲಾರಿಯವರಿಗೂ ಕೇಳಿರಬೇಕು. ಅವರು ಹಾರನ್ ಹೊಡೆದರು.

“ಕಟಿಂಗ್ ಏನಾದ್ರೂ ಮಾಡ್ಬೇಕಾ ಮೇಡಂ, ಇಲ್ಲ ಬರೀ ನೀರಾ?” ಎಂದು ಕೇಳಿ, ಬಾಟಲಿಯನ್ನು ಅಲ್ಲೇ ಬಿಟ್ಟು, ಕ್ಷೌರಿಕ ಅರ್ಧ ಗಡ್ಡದ ಕಡೆಗೆ ಓಡಿದ.

ಹರಳು ಬಂತೇನೋ ಬಂತು. ಹೊಸ ಸಭಾಂಗಣದ ಉದ್ಘಾಟನೆಗೆ ಅದನ್ನು ಮಖಮಲ್ಲಿನ ಮೇಲೆ, ದೊಡ್ಡ ದೀಪದಡಿ ಇಡಬೇಕೆಂದು ಈಗಿನ ನಿರ್ದೇಶಕರು ಆಸೆಪಟ್ಟರು. “ಒಂದು ದಿನ ತಾನೇ? ಆಮೇಲೆ ನೀರಿಗೆ ಹಾಕಿ.” “ಮೀನನ್ನ ಹಾಗೆ ಇಡ್ತೀರಾ ಸರ್?” ಎಂದು ಹರಳಮ್ಮನವರು ಕೇಳಿದ ಮೇಲೆ ಆ ಮಾತು ಮತ್ತೆ ಏಳಲಿಲ್ಲ. ಎತ್ತರದ ಗಾಜಿನ ಜಾಡಿ ಬಂತು. ನೀರಿನಲ್ಲಿ ಹರಳು ಮಸುಕಾಗಿ ಕಾಣುತ್ತದೆಂದು ಅವರು ಹಿಂದೆ ಕಪ್ಪು ಕಾಗದ ಕಟ್ಟಿದರು. ಅಂದಿನಿಂದ ಅದು ಕತ್ತಲೆಗೆ ಹಚ್ಚಿದ ದೀಪದಂತೆ ನಿಂತಿದೆ. ದಾರಿಯಲ್ಲಿ ಬೆಳ್ಳಗಾದ ಆ ಒಂದು ತುದಿ ಈಗಲೂ ಹಾಗೇ ಇದೆ. ಮಕ್ಕಳು ಜಾಡಿಗೆ ಮೂಗು ಒತ್ತಿ “ಮೀನೆಲ್ಲಿ?” ಎಂದು ಕೇಳುವುದೂ ತಪ್ಪಿಲ್ಲ.

ಎಷ್ಟು ಬಿಗಿಯಾಗಿ ಮುಚ್ಚಿದರೂ ಜಾಡಿಯ ನೀರು ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ರಜಾದಿನವೆನ್ನದೆ ಬಂದು ಅದನ್ನು ತುಂಬಿಸಿದವರು ಹರಳಮ್ಮನವರು. ಬೀಳ್ಕೊಡುಗೆಯ ದಿನ ಅವರ ಯಜಮಾನರು ಹೇಳಿದ್ದನ್ನು ಸಭೆ ಮರೆತಿರಲಾರದು: “ನಂಗೆ ಜ್ವರ ಬಂದಿತ್ತು. ಇವಳು ಪರವೂರಿಂದ ಫೋನ್ ಮಾಡಿ ‘ನೀರು ಹೇಗಿದೆ’ ಅಂದ್ಲು. ಎರಡು ಲೋಟ ಕುಡಿದೆ ಅಂದೆ. ‘ನಿಮ್ಮದಲ್ಲ, ಜಾಡಿದು. ವಾಚ್‌ಮನ್‌ನ ಕೇಳಿ ಹೇಳಿ’ ಅಂದ್ಲು!”

ಆ ಸಂಜೆ ಅವರು ಬೀಗದ ಕೈಗಳನ್ನು ಒಪ್ಪಿಸಿದರು, ಕ್ಷೌರಿಕನ ಬಾಟಲಿಯನ್ನು ಜಾಡಿಯ ಪಕ್ಕದಲ್ಲಿಟ್ಟರು, ಎಲ್ಲರ ಕೈ ಹಿಡಿದು ಮಾತಾಡಿದರು. ನೀರಿನ ಬಗ್ಗೆ ಮಾತ್ರ ಯಾರಿಗೂ ಒಂದು ಮಾತನ್ನೂ ಹೇಳಲಿಲ್ಲ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಯಾರದೂ ಅಲ್ಲದ ಕೆಲಸವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂಬ ಚಿಂತೆಯಲ್ಲಿ, ಮರುದಿನ ಬಾಗಿಲು ತೆರೆಯುವ ಮುನ್ನವೇ ಸಹಾಯಕಿ ನೀರಿನ ಹೂಜಿ ಹಿಡಿದು ಬಂದಳು.

ನೆಲ ಒದ್ದೆಯಾಗಿತ್ತು. ಜಾಡಿ ಕಂಠಮಟ್ಟ ತುಂಬಿ ಹರಿದು, ಹೆಸರಿನ ಚೀಟಿ ನೆನೆದು ಮುದ್ದೆಯಾಗಿತ್ತು. “ನಾನು ಒಂಚೂರು ಹಾಕಿದ್ದೆ” ಎಂದ ವಾಚ್‌ಮನ್. “ಅಯ್ಯೋ, ನಾನೂ ಹಾಕ್ದೆ” ಎಂದಳು ಕಸ ಗುಡಿಸುವಾಕೆ. ಅಷ್ಟರಲ್ಲಿ ನಿರ್ದೇಶಕರು ಬಂದರು. ಅವರ ಅಂಗಿಯ ಬಲತೋಳು ಮೊಣಕೈವರೆಗೆ ತೊಯ್ದಿತ್ತು.

ಸುದ್ದಿ ಮುಟ್ಟಿಸಿದಾಗ ಫೋನಿನ ಆಚೆ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. “ಸರಿ ಬಿಡು, ಇನ್ನು ನಾನು ಬರೋದೇ ಬೇಡ” ಎಂದರು ಹರಳಮ್ಮನವರು. ಆ ಭಾನುವಾರವೇ ಬಂದರು, ಸಾಲಿನಲ್ಲಿ ನಿಂತು ಟಿಕೆಟ್ ಕೊಂಡು.

ಅವರಿಗೆ ದೀರ್ಘಾಯುಸ್ಸನ್ನು ಕೋರುವುದು ಈ ಸಂಪುಟದ ಎಲ್ಲರ ಹಕ್ಕು, ನಾವೂ ಕೋರುತ್ತೇವೆ. ಅವರು ಬರೆಯುತ್ತಿರುವ ಜಿಯೋಲೈಟ್ ಕೈಪಿಡಿ ಬೇಗ ಮುಗಿಯಲಿ, ಕಣ್ಣು ಇನ್ನೂ ಹಲವು ಗೂಡುಗಳೊಳಗೆ ಇಣುಕಲಿ, ಹೆಗಲು ಹಾಗೆಯೇ ಕುಣಿಯಲಿ. ವಿಶ್ರಾಂತಿಯನ್ನು ಹಾರೈಸಲು ಮಾತ್ರ ಧೈರ್ಯವಿಲ್ಲ. ಸುರಂಗದ ಎಂಜಿನಿಯರರು ಇನ್ನೊಂದು ಗುಡ್ಡಕ್ಕೆ ವರ್ಗವಾಗಿದ್ದು, ಕಳೆದ ವಾರ ಫೋನ್ ಮಾಡಿದ್ದರಂತೆ. ಹರಳಮ್ಮನವರು ಅಂದೇ ಪೇಟೆಗೆ ಹೋಗಿ, ಮದುವೆಮನೆಗೆ ಸಾಲುವಂಥ ಕುಕ್ಕರೊಂದನ್ನು ಕೊಂಡು ತಂದಿದ್ದಾರೆ. “ಮನೇಲಿರೋದು ಮೂರು ಜನ, ಇಷ್ಟು ದೊಡ್ಡದು ಯಾಕೇ?” ಎಂದು ಅತ್ತೆ ಕೇಳಿದ್ದಕ್ಕೆ, ಸೊಸೆ ಮುಚ್ಚಳದ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದರಂತೆ.