ರುಮಾಲಿನ ಚುಂಗು

ಅಪ್ಪ ನಮ್ಮೂರ ಗೌಡ. ಗೌಡಕಿಯ ಅಧಿಕಾರವನ್ನು ಸರಕಾರ ಯಾವತ್ತೋ ಕಿತ್ತುಕೊಂಡಿತ್ತು. ಮರ್ಯಾದೆ ಮಾತ್ರ ನವಲಗುಂದದ ಕಪ್ಪು ಎರಿ ಮಣ್ಣಿನಂತೆ ಕಾಲಿಗೆ ಅಂಟಿಕೊಂಡೇ ಇತ್ತು. ಮುಂಗಾರಿನಲ್ಲಿ ಗೌಡರು ತಲೆಗೆ ರುಮಾಲು ಸುತ್ತಿಕೊಂಡು ನಮ್ಮ ಹೊಲದಲ್ಲಿ ಬಿತ್ತುವ ಕೂರಿಗೆಗೆ ಮೊದಲ ಹಿಡಿ ಬೀಜ ಹಾಕಬೇಕು, ಆಮೇಲೆಯೇ ಊರು ಬಿತ್ತಬೇಕು. ಟ್ರ್ಯಾಕ್ಟರ್ ಬಂದರೂ ಈ ಪದ್ಧತಿ ಹೋಗಲಿಲ್ಲ.

ಆ ರುಮಾಲು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಬರುವಷ್ಟು ಉದ್ದ. ಅದರ ಚುಂಗನ್ನು, ಅಂದರೆ ಬಟ್ಟೆಯ ಕೊನೆಯನ್ನು, ಇನ್ನೊಬ್ಬರು ಎಳೆದು ಹಿಡಿಯದಿದ್ದರೆ ಸುತ್ತು ಸಡಿಲಾಗುತ್ತದೆ. ಹಿಡಿಯುತ್ತಿದ್ದವಳು ನಾನು, ಅವನ ಒಬ್ಬಳೇ ಮಗಳು. ಗಂಡ ತೀರಿಕೊಂಡು ತವರಿಗೆ ಬಂದ ಮೇಲೂ ನಾನೇ. "ಬಿಗೀ ಹಿಡೀ ಯವ್ವಾ, ನಾಳೆ ಇದು ನಿಂದ ಐತಿ," ಅನ್ನುತ್ತಿದ್ದ. ನಾನು ನಂಬಿದ್ದೆ. ಹುಚ್ಚಿ!

ಹೊಲ, ವಾಡೆ ಎಲ್ಲವನ್ನೂ ನನ್ನ ಹೆಸರಿಗೆ ಮಾಡಿಯೇ ಅಪ್ಪ ಕಣ್ಣು ಮುಚ್ಚಿದ. ರುಮಾಲನ್ನು ಬರೆದುಕೊಡುವ ಕಚೇರಿ ಎಲ್ಲಿದೆ? ಅವನ ದಿನದ ಕಾರ್ಯದಂದು, ಮಂದಿ ತುಂಬಿದ ಪಡಸಾಲೆಯಲ್ಲಿ, ಅದು ಯಾರಿಗೆ, ಮುಂದಿನ ಗೌಡ ಯಾರು ಎಂಬ ಮಾತು ಬಂತು. ನಾನು ಮುಂದೆ ಬಂದು ಎರಡೂ ಕೈ ಚಾಚಿದೆ.

"ಏನ್ ಬೇ, ತಲಿ ಕೆಟ್ಟೈತೇನ?" ಎಂದ ಅಪ್ಪನ ತಮ್ಮ, ನಮ್ಮ ಕಾಕಾ. "ಹೆಣ್ಣಿನ ತಲಿ ಮ್ಯಾಲೆ ಸೆರಗ ಇರ್ತೈತಿ, ರುಮಾಲ ಅಲ್ಲ. ಹೊಲ ಸಿಕ್ಕೈತಲ್ಲ, ಸುಮ್ನ ಕೂಡು."

ರುಮಾಲು ಅವ್ವನ ಮಡಿಲಲ್ಲಿತ್ತು. ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳು ಎದ್ದು, ನನ್ನ ಕೈಗಳನ್ನು ದಾಟಿ ಹೋಗಿ, ಕಾಕಾನ ಮಗನಿಗೆ ಕೊಟ್ಟಳು. ಹುಬ್ಬಳ್ಳಿಯಲ್ಲಿ ಟೈಲ್ಸ್ ಮಾರುವ ಅವನಿಗೆ ಹೆಸರುಕಾಳು ಯಾವುದು, ಅಲಸಂದಿ ಯಾವುದು, ಅದೂ ಗೊತ್ತಿಲ್ಲ. ಅಪ್ಪ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅವತ್ತು ಅತ್ತೆ.

ಈ ಸಲ ಮುಂಗಾರು ಚೆನ್ನಾಗಿ ಬಿತ್ತು. ನೆಲದ ಹಸಿ ಆರುವುದರೊಳಗೆ ಹೆಸರು ಬಿತ್ತಬೇಕು. ಹೊಲಕ್ಕೆ ಹೋದರೆ ಎತ್ತು ಹೂಡಿಟ್ಟು ಆಳುಗಳೆಲ್ಲ ಬದುವಿನ ಮೇಲೆ ಕೂತಿದ್ದಾರೆ.

"ಯಾಕ್ರೋ, ಕುಂತೀರಿ?"

"ಗೌಡ್ರು ಬರ್ಬೇಕಲ್ರಿ ಅವ್ವಾರ," ಎಂದ ಹಿರಿಯಾಳು.

"ಹೊಲ ಯಾರದು?"

"ನಿಮ್ದರಿ. ಯಾರ್ ಇಲ್ಲಂತಾರ?" ಅವನು ನೆಲ ನೋಡಿದ. "ಖರೇ, ಮೊದಲ ಹಿಡಿ ಅವರದಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಹಿಡಿ ತುಂಬ ಬೀಜ ತೆಗೆದು ನಾನೇ ಕೂರಿಗೆಯ ಬಟ್ಟಲಿಗೆ ಸುರಿದೆ. ಯಾರೂ ಎತ್ತು ಹೊಡೆಯಲಿಲ್ಲ. ಬೀಜವೆಲ್ಲ ಕೊಳವೆಯೊಳಗಿಂದ ಇಳಿದು ನನ್ನ ಕಾಲ ಹತ್ತಿರವೇ ಗುಡ್ಡೆಯಾಗಿ ಬಿತ್ತು.

ಬಿಸಿಲು ಏರಿತು. ಮೇಲಿನ ಮಣ್ಣು ಬಿಳಿಚತೊಡಗಿತು. ಕೊನೆಗೆ ನಾನೇ ಫೋನ್ ಮಾಡಿ ಕಾಕಾನ ಮಗನನ್ನು ಕರೆಸಿದೆ. ಮೋಟರ್‌ಸೈಕಲ್ ಮೇಲೆ ಬರಿದಲೆಯಲ್ಲಿ ಬಂದ. ರುಮಾಲು ಕ್ಯಾರಿಬ್ಯಾಗಿನಲ್ಲಿತ್ತು. ನಾನು ಬಂದಾಗ ಏಳದ ಆಳುಗಳು ಈಗ ಎದ್ದು ನಿಂತರು.

ಅವನು ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕಾ, ನನಗ ಸುತ್ತಾಕ ಬರೂದಿಲ್ಲ. ಒಂದೀಟು ಚುಂಗು ಹಿಡೀತೀಯೇನ?"

ಹೊಲ ನನ್ನದು. ಹಸಿ ಆರುತ್ತಿತ್ತು. ಬಿಗಿಯಾಗಿ ಹಿಡಿದೆ.