ಗ್ಯಾರೇಜಿನಲ್ಲಿ ದಾಟಿದ ಗಡಿ

ಬೆಳಿಗ್ಗೆ ಆಫೀಸಿಗೆ ಹೋಗುವ ಸ್ಯಾಂಡ್ರಿಂಗಮ್ ಬಸ್ಸಿನಲ್ಲಿ ಯಾರೋ ಬೀಟ್‌ರೂಟ್ ಪಲ್ಯದ ಡಬ್ಬಿ ತೆರೆದರು. ಆ ವಾಸನೆಗೆ ನನಗೆ ನಗು ಉಕ್ಕಿತು. ಪಕ್ಕದಾಕೆ ಗಾಬರಿಯಿಂದ ಸರಿದು ಕೂತರು. ನೀವಾದರೂ ಕಾರಣ ಕೇಳಿ.

ನಾಲ್ಕು ವರ್ಷದ ಹಿಂದೆ, ೨೦೧೪ರಲ್ಲಿ, ಪರದೇಶದಲ್ಲಿ ನೆಲೆಸಿದ್ದ ನಾವು, ಪಾಪಟೋಟೊಯಿ ಬಡಾವಣೆಯ ಆರು ಜನ, ಒಟ್ಟಿಗೆ ಊರಿಗೆ ಹೊರಟಿದ್ದೆವು. ದಾರಿಯಲ್ಲಿ ಸಿಂಗಪುರದಲ್ಲಿ ಇಳಿದು, ಬಸ್ಸಿನಲ್ಲಿ ಗಡಿ ದಾಟಿ ಮಲೇಷ್ಯಾದ ಜೊಹೋರಿಗೆ ಹೋಗಿಬರುವುದೆಂದು ಮಾತಾಗಿತ್ತು. ಪಕ್ಕದ ಮನೆಯ ಶಾರದಾ ಆಂಟಿಯ ಅಕ್ಕ ಇದ್ದದ್ದು ಅಲ್ಲೇ. ಇಬ್ಬರೂ ಮುಖ ನೋಡಿ ಹನ್ನೊಂದು ವರ್ಷ. ಆದರೆ ಗಡಿಯಲ್ಲಿ ಎಲ್ಲರೂ ಚೀಲ ಸಮೇತ ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಮತ್ತೆ ಹತ್ತಬೇಕು, ತಡಮಾಡಿದವರನ್ನು ಬಿಟ್ಟು ಬಸ್ಸು ಹೊರಟುಬಿಡುತ್ತದೆ ಎಂದು ಯಾರೋ ಹೇಳಿದ್ದರು. ಆಂಟಿಗೋ ಮಂಡಿ ನೋವು.

"ನಾನು ಸಿಂಗಪುರದಲ್ಲೇ ಕೂತಿರ್ತೀನಪ್ಪಾ. ನೀವು ಅಕ್ಕನ್ನ ನೋಡ್ಕೊಂಡು ಬನ್ನಿ," ಎಂದರು. ನಾನು ಒಪ್ಪಲಿಲ್ಲ.

ನಾನೋ ಎಂಜಿನಿಯರು. ಯಾವ ದಿಕ್ಕಿಗೆ ನಡೆದರೂ ಸಮುದ್ರವೇ ಸಿಗುವ ದೇಶದಲ್ಲಿ ಕೂತು, ನೆಲದ ಗಡಿಯನ್ನೇ ಕಂಡಿರದವನು, ಗಡಿ ದಾಟುವ ಬಸ್ ಪ್ರಯಾಣವನ್ನು ಸುಧಾರಿಸಲು ಟೊಂಕ ಕಟ್ಟಿ ನಿಂತೆ. ಭಾನುವಾರ ನಮ್ಮ ಗ್ಯಾರೇಜಿನಲ್ಲಿ ರಿಹರ್ಸಲ್. ಎರಡು ಸಾಲು ಕುರ್ಚಿ ಬಸ್ಸಾಯಿತು, ಇಸ್ತ್ರಿ ಟೇಬಲ್ಲು ಗಡಿ ಠಾಣೆ. ನಾನೇ ಅಧಿಕಾರಿ, ಅರ್ಧ ಆಲೂಗಡ್ಡೆಯನ್ನು ಬೀಟ್‌ರೂಟ್ ರಸದಲ್ಲಿ ಅದ್ದಿ ಎಲ್ಲರ ನೋಟ್‌ಬುಕ್ಕಿಗೂ ಠಪ್ ಠಪ್ ಎಂದು ಒತ್ತಿದೆ. ನನ್ನ ಹೆಂಡತಿ ಸುಮಾ ಡ್ರೈವರು. ಹಾರನ್ನೂ ಅವಳ ಬಾಯಿಂದಲೇ.

ಮೂರು ಸಲವೂ ಆಂಟಿಯನ್ನು ಬಿಟ್ಟು ಬಸ್ಸು ಹೊರಟಿತು. "ಆಂಟಿ, ಸ್ವಲ್ಪ ಸ್ಪೀಡು!" ಎಂದು ನಾನು ಫೋನಿನಲ್ಲಿ ಸೆಕೆಂಡು ಎಣಿಸುತ್ತ ಕೂಗಿದೆ.

ನಾಲ್ಕನೆಯ ಸಲ ಅವರು ನಿಂತೇಬಿಟ್ಟರು. "ಅಲ್ಲಪ್ಪಾ, ಮಂಡಿ ನೋವಿನವಳನ್ನ ಕೊನೇ ಸೀಟಲ್ಲಿ ಕೂರಿಸ್ಬಿಟ್ಟು ಬೇಗ ಬಾ ಅಂದ್ರೆ ಹೆಂಗೆ? ನನ್ನನ್ನ ಮುಂದಿನ ಸೀಟಲ್ಲಿ ಕೂರ್ಸು. ಬ್ಯಾಗು ನೀನು ಹಿಡ್ಕೋ."

ಅಷ್ಟೇ ನೋಡಿ. ಆಂಟಿ ಮೊದಲು ಇಳಿದರು, ಮೊದಲೇ ಹತ್ತಿದರು. ಸುಮಾ ಹಾರನ್ ಹೊಡೆದದ್ದೇ ಹೊಡೆದದ್ದು. ನಾವೆಲ್ಲ ಕುಣಿದೆವು, ಎದುರು ಮನೆಯ ಮುದುಕ ಏನೂ ತಿಳಿಯದೆಯೇ ಚಪ್ಪಾಳೆ ತಟ್ಟಿದ.

ನಿಜವಾದ ಗಡಿಯನ್ನು ಆಂಟಿ ಸಲೀಸಾಗಿ ದಾಟಿದರು. ನಾನು ಸಾಲಿನಲ್ಲಿದ್ದ ಅಪರಿಚಿತರಿಗೆ ನನ್ನ ವಿಧಾನವನ್ನು ವಿವರಿಸುತ್ತ ನಿಂತೆ, ಬಸ್ಸು ಹೊರಟೇಹೋಯಿತು. ಆಂಟಿಯ ಬ್ಯಾಗು ನನ್ನ ಕೈಯಲ್ಲೇ! ಮುಂದಿನ ಬಸ್ಸಿನಿಂದ ಬೆವರುತ್ತ ಇಳಿದಾಗ ಅಕ್ಕತಂಗಿಯರು ಕೈ ಹಿಡಿದುಕೊಂಡು ನಗುತ್ತ ಅಳುತ್ತ ನಿಂತಿದ್ದರು. "ಅಕ್ಕಾ, ನಂಗೆ ಗಡಿ ದಾಟೋದು ಕಲಿಸಿದ್ದು ಇವನೇ," ಎಂದರು ಆಂಟಿ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಇವತ್ತು ನನ್ನ ಸ್ಟಾಪಿನಲ್ಲಿ ಒಬ್ಬ ಅಜ್ಜ ಒಂದೊಂದೇ ಹೆಜ್ಜೆಯಿಟ್ಟು ಇಳಿಯುತ್ತಿದ್ದರು. ಆಫೀಸಿಗೆ ಹೊತ್ತಾಗಿತ್ತು. ಆದರೂ ಗಡಿಯಾರ ನೋಡದೆ ಅವರ ಚೀಲಕ್ಕೆ ಕೈ ಚಾಚಿದೆ. ಅಜ್ಜ ನನ್ನನ್ನು ಕಳ್ಳನೆಂದುಕೊಂಡು ಚೀಲವನ್ನು ಎದೆಗವಚಿಕೊಂಡರು. ಇರಲಿ ಬಿಡಿ, ಅವರ ಹಿಂದೆ, ಅವರ ಹೆಜ್ಜೆಯಲ್ಲೇ ಇಳಿದೆ.