ಸೂಜಿಯಕ್ಕನ ಬಟ್ಟಲು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಸೂಜಿಯಕ್ಕ ಮೊದಲ ಮೂಟೆ ಬಿಚ್ಚುತ್ತಾರೆ. ಹಾಸುಬಟ್ಟೆಯನ್ನು ಸುಮ್ಮನೆ ಕೊಡವುವುದಿಲ್ಲ. ದೀಪದ ಕೆಳಗೆ ಹರಡಿ, ಮೂಲೆ ಮೂಲೆಗೆ ಕಣ್ಣಾಡಿಸಿ, ಆಮೇಲೆ ಯಂತ್ರಕ್ಕೆ ಹಾಕುತ್ತಾರೆ. ದಿನಕ್ಕೆ ಆರುನೂರು, ಹತ್ತೊಂಬತ್ತು ವರ್ಷದಿಂದ. ವಾರ್ಡಿನವರು ಮರೆತ ಇಂಜೆಕ್ಷನ್ ಸೂಜಿ ಸಿಕ್ಕರೆ ಇಕ್ಕಳದಲ್ಲಿ ಎತ್ತಿ ಸ್ಟೀಲ್ ಬಟ್ಟಲಿಗೆ ಹಾಕುತ್ತಾರೆ. ಟಣ್ ಎನ್ನುತ್ತದೆ. ಹೆಸರು ಬಂದದ್ದು ಹಾಗೆ.

ಕಳೆದ ವರ್ಷ ಅಂಥದೊಂದು ಸೂಜಿ ಜೊತೆಗೆ ಕೆಲಸ ಮಾಡುವ ನಾದಿನಿಯ ಅಂಗೈಗೆ ಚುಚ್ಚಿತು. ಗ್ಲೌಸು ಅಷ್ಟು ತೆಳು. ಆರು ತಿಂಗಳು ರಕ್ತಪರೀಕ್ಷೆ, ಆರು ತಿಂಗಳು ನಿದ್ದೆಯಿಲ್ಲ. ಪುಣ್ಯಕ್ಕೆ ಏನೂ ಅಂಟಲಿಲ್ಲ. ದಪ್ಪ ಗ್ಲೌಸು ಕೊಡಿ, ವಾರ್ಡಿಗೊಂದು ಬಳಸಿದ ಸೂಜಿ ಹಾಕುವ ಡಬ್ಬ ಇಡಿ ಎಂದು ಬೇಡಿದರೆ ಮೇಲಿನವರಿಗೆ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.

ಅಕ್ಕ ಫೋನ್ ಹಿಡಿದರು. ದಿನಾ ಫೇಸ್‌ಬುಕ್ಕಿನಲ್ಲಿ ಬಟ್ಟಲಿನ ಫೋಟೊ, ಕೆಳಗೆ ಇಷ್ಟೇ: "ಇವತ್ತು ಒಂಬತ್ತು." ಸಾವಿರಾರು ಜನ ನೋಡಿದರು. "ಸೋಮವಾರ ಆಸ್ಪತ್ರೆ ಗೇಟಿಗೆ ಬನ್ನಿ" ಎಂದು ಬರೆದಾಗ ಒಂಬೈನೂರು ಮಂದಿ ಬರುತ್ತೇವೆ ಎಂದರು. ಬಂದವರು ನಾಲ್ವರು.

"ಅದ್ರಲ್ಲೊಬ್ಬ ಸೆಲ್ಫಿ ತಗೊಂಡು ಹೊರಟ," ಅಕ್ಕ ನಗುತ್ತಾರೆ.

"ಇನ್ನೊಬ್ಬಳು ನಾನು!" ನಾದಿನಿ ಬಾಯಿ ಹಾಕುತ್ತಾಳೆ. "ಮನೆಯವಳನ್ನೂ ಲೆಕ್ಕಕ್ಕೆ ಸೇರಿಸ್ಕೊಂಡ್ರಲ್ಲ ಅತ್ತಿಗೆ!"

ಅಕ್ಕ ಕೈಚೆಲ್ಲಲಿಲ್ಲ. ಬರುತ್ತೇವೆ ಎಂದಿದ್ದ ಒಬ್ಬೊಬ್ಬರಿಗೂ ಊಟದ ಬಿಡುವಿನಲ್ಲಿ ಬೇರೆ ಬೇರೆಯಾಗಿ ಬರೆದರು: "ನಿಮ್ಮನೆ ಹಾಸುಬಟ್ಟೆ ಒಂದು ತನ್ನಿ. ನಿಮ್ಮ ಕೈಯಿಂದ್ಲೇ ಆಸ್ಪತ್ರೆ ಬೇಲಿಗೆ ಕಟ್ಟಬೇಕು." ಮೂರು ವಾರ ಹಿಡಿಯಿತು.

"ಬನ್ನಿ ಅಂದ್ರೆ ಹತ್ತು ನೆಪ. ತಗೊಂಡ್ ಬನ್ನಿ ಅಂದ್ರೆ, ತಾವು ಹೋಗ್ದಿದ್ರೆ ಕೆಲ್ಸ ನಿಂತೋಗತ್ತೆ ಅನ್ಸುತ್ತೆ. ಮದುವೆ ಮನೇಲೂ ಅಷ್ಟೇ ಅಲ್ವಾ? ಕೈಗೊಂದು ಕೆಲ್ಸ ಸಿಕ್ಕ ನೆಂಟ ಕೊನೇವರೆಗೂ ಇರ್ತಾನೆ," ಎನ್ನುತ್ತಾರೆ ಅಕ್ಕ.

ಅದರ ಮುಂದಿನ ಸೋಮವಾರ ಬೇಲಿಯ ಮೇಲೆ ಮುನ್ನೂರ ಹದಿನೆಂಟು ಹಾಸುಬಟ್ಟೆ. ಮೂರನೆಯ ದಿನ ಮೇಲಿನವರು ಮೆಟ್ಟಿಲಿಳಿದು, ಮೊದಲ ಸಲ ಲಾಂಡ್ರಿಯ ಬಾಗಿಲು ಕಂಡರು. ಧೂಳು ಹಿಡಿದ ಹಾಸುಬಟ್ಟೆಗಳನ್ನೆಲ್ಲ ಅಕ್ಕ ಒಗೆದು, ಮಡಿಸಿಯೇ ಹಿಂದಿರುಗಿಸಿದರು. ಕಸುಬಿನ ಮರ್ಯಾದೆ.

ಈಗ ಮೊಣಕೈವರೆಗೆ ದಪ್ಪ ಗ್ಲೌಸು, ವಾರ್ಡಿಗೊಂದು ಡಬ್ಬ. ಇವತ್ತು ಬಟ್ಟಲಿನಲ್ಲಿ ಒಂದೇ ಟಣ್.

"ಒಂದಿನ ಖಾಲಿ ಬಟ್ಟಲಿನ ಫೋಟೊ ಹಾಕ್ಬೇಕು," ಎನ್ನುತ್ತ ಅಕ್ಕ ಮುಂದಿನ ಮೂಟೆ ಬಿಚ್ಚುತ್ತಾರೆ. "ಅದಕ್ಕೆ ಯಾರೂ ಲೈಕ್ ಒತ್ತದಿದ್ರೂ ಸರಿ."